ಯಾವ ಶಿರೂರು?



ಉಡುಪಿ ಜಿಲ್ಲೆಯಲ್ಲಿ ಯಾರನ್ನಾದರೂ "ನಿಮ್ಮ ಊರು ಯಾವುದು?" ಎಂದು ಕೇಳಿ, ಅವರು "ಶಿರೂರು" ಎಂದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. "ಯಾವ ಶಿರೂರು?" ಎಂಬ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ. ಬೈಂದೂರು ದಾಟಿ, ಉತ್ತರ ಕನ್ನಡದ ಗಡಿಗೆ ತಾಗಿಕೊಂಡು, ಹೆದ್ದಾರಿಯ ಮೇಲಿರುವ ಶಿರೂರು ಒಂದು. ಹಿರಿಯಡ್ಕದ ಕಡೆ, ಸ್ವರ್ಣಾ ನದಿಯ ದಡದಲ್ಲಿ ಉಡುಪಿಯ ಅಷ್ಟಮಠಗಳಲ್ಲೊಂದರ ಮೂಲಮಠವಿರುವ ಶಿರೂರು ಇನ್ನೊಂದು. 2024ರ ಜುಲೈ 16ರಂದು ಗುಡ್ಡ ಕುಸಿದು ದೇಶವೆಲ್ಲ ದಿನಗಟ್ಟಲೆ ಮಾತಾಡಿಕೊಂಡ ಶಿರೂರು ಇವೆರಡೂ ಅಲ್ಲ. ಅದು ಅಂಕೋಲಾ ತಾಲೂಕಿನದು. ಅದೂ ಅದೇ 66ನೇ ಹೆದ್ದಾರಿಯ ಮೇಲೆಯೇ ಇದೆ. ಇನ್ನು ಮಹಾರಾಷ್ಟ್ರಕ್ಕೆ ಹೋದರೆ ಪುಣೆ ಜಿಲ್ಲೆಯಲ್ಲಿ ತಾಲೂಕು ಕೇಂದ್ರವೊಂದರ ಹೆಸರು ಶಿರೂರು. ಆ ಹೆಸರಿನಲ್ಲಿ ಒಂದು ಲೋಕಸಭಾ ಕ್ಷೇತ್ರವೂ ಇದೆ.

ಕಾನೂನು ಓದುವ ಹುಡುಗರಿಗೆ ಇವುಗಳಲ್ಲಿ ಒಂದು ಶಿರೂರು ಬೇರೆ ಕಾರಣಕ್ಕೆ ಗೊತ್ತು. 1954ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಶಿರೂರು ಮಠದ ತೀರ್ಪು ಅವರ ಪಾಠದಲ್ಲಿ ತಪ್ಪದೆ ಬರುತ್ತದೆ. ಒಂದು ಧರ್ಮಕ್ಕೆ ಯಾವ ಆಚರಣೆ ಅತ್ಯಗತ್ಯ, ಯಾವುದು ಅಲ್ಲ, ಸರಕಾರ ಎಲ್ಲಿಯವರೆಗೆ ಕೈ ಹಾಕಬಹುದು ಎಂಬ ಚರ್ಚೆಗೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದ ತೀರ್ಪು ಅದು. ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಒಂದು ಕಡೆ, ಮದರಾಸಿನ ಹಿಂದೂ ಧಾರ್ಮಿಕ ದತ್ತಿ ಕಮಿಷನರ್ ಇನ್ನೊಂದು ಕಡೆ. ಆಗ ನಮ್ಮ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ದಿಲ್ಲಿ, ಕೋಲ್ಕತ್ತ, ಗುವಾಹಟಿಯ ವಕೀಲರು ಇಂದಿಗೂ ಆ ಹೆಸರನ್ನು ಉದ್ಧರಿಸುತ್ತಾರೆ. ಅವರಲ್ಲಿ ಎಷ್ಟು ಮಂದಿ ಅದು ಸ್ವರ್ಣಾ ನದಿಯ ದಡದ ಹಳ್ಳಿ ಎಂದು ಬಲ್ಲರು? ಪುಣೆಯದೆಂದು ತಿಳಿದರೂ ಅವರ ವಾದಕ್ಕೆ ತೊಂದರೆಯಿಲ್ಲ. ತೊಂದರೆಯಾಗುವುದು ಆ ಊರಿನವರಿಗೆ ಮಾತ್ರ.

ಒಂದೇ ಹೆಸರಿನ ಊರುಗಳು ಪ್ರಪಂಚದಲ್ಲೆಲ್ಲ ಇವೆ. ನಮ್ಮಲ್ಲೊಂದು ಹೈದರಾಬಾದ್, ಪಾಕಿಸ್ತಾನದಲ್ಲೊಂದು. ತಮಿಳುನಾಡಿನಲ್ಲೊಂದು ಸೇಲಂ, ಅಮೆರಿಕದಲ್ಲಿ ಹಲವು. ಇದನ್ನೊಂದು ವಿನೋದವೆಂದು ಪಟ್ಟಿ ಮಾಡುತ್ತ ಹೋಗಬಹುದು. ನನಗೆ ಕುತೂಹಲವಿರುವುದು ಪಟ್ಟಿಯಲ್ಲಲ್ಲ. ಹೆಸರನ್ನು ಇಟ್ಟವರು ಯಾರು ಎಂಬುದರಲ್ಲಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸುತ್ತ ನೋಡಿದರೆ ಊರಿಗೆ ಹೆಸರಿಡುವವರಲ್ಲಿ ಮೂರು ಬಗೆ ಕಾಣುತ್ತದೆ. ಅಲ್ಲೇ ನೆಲೆನಿಂತವರು ಇಟ್ಟ ಹೆಸರು. ಹಾದುಹೋಗುವವರು ಇಟ್ಟ ಹೆಸರು. ಊರು ಬಿಟ್ಟವರು ತಮ್ಮೊಡನೆ ಒಯ್ದ ಹೆಸರು. ಈ ಮೂರರ ಹೊರಗೆ ಉಳಿಯುವುದು ಬರೀ ಕಾಕತಾಳೀಯ.

ಮೊದಲು ನೆಲೆನಿಂತವರ ವಿಷಯ. ಹೊಸದಾಗಿ ಬಂದು ಗದ್ದೆ ಮಾಡಿದವರು, ಕೆರೆ ಕಟ್ಟಿದವರು ಕಣ್ಣಿಗೆ ಕಂಡದ್ದನ್ನೇ ಹೆಸರಾಗಿಸಿದರು. ನೆಲ ಒಂದೇ ಬಗೆಯದಾದ್ದರಿಂದ ಹೆಸರುಗಳೂ ಮರುಕಳಿಸಿದವು. ಬೈಲೂರು ಉಡುಪಿ ಪೇಟೆಯೊಳಗೇ ಒಂದಿದೆ. ಕಾರ್ಕಳ ತಾಲೂಕಿನಲ್ಲಿ ಉಮಿಕ್ಕಳ ಬೆಟ್ಟದ ಬುಡದಲ್ಲೊಂದಿದೆ. ಭಟ್ಕಳದ ಕಡೆಗೆ ಹೋದರೆ ಅಲ್ಲೂ ಒಂದಿದೆ. ಪುತ್ತಿಗೆ ಎಂದರೆ ಅಷ್ಟಮಠದ ಪುತ್ತಿಗೆಯಾಗಬಹುದು, ಮೂಡುಬಿದಿರೆ ಪಕ್ಕದ ಪುತ್ತಿಗೆಯಾಗಬಹುದು, ಕಾಸರಗೋಡಿನ ಕುಂಬಳೆ ಕಡೆಯ ಪುತ್ತಿಗೆಯೂ ಆಗಬಹುದು. ಉಚ್ಚಿಲ ಎಂದರೆ ಕಾಪು ತಾಲೂಕಿನ, ಮಹಾಲಕ್ಷ್ಮಿ ದೇವಸ್ಥಾನದ ಉಚ್ಚಿಲವೋ, ಮಂಗಳೂರಿನಿಂದ ತೆಂಕಕ್ಕೆ ತಲಪಾಡಿಯ ದಾರಿಯಲ್ಲಿರುವ ಸೋಮೇಶ್ವರದ ಉಚ್ಚಿಲವೋ? ಎರಡೂ ಕಡಲ ದಂಡೆಯ ಊರುಗಳು, ಎರಡೂ ಒಂದೇ ಹೆದ್ದಾರಿಯಲ್ಲಿವೆ. ಬಸ್ಸಿನಲ್ಲಿ ಬರೀ "ಉಚ್ಚಿಲ" ಎಂದು ಟಿಕೇಟು ಕೇಳಿದರೆ ಬಸ್ಸು ಯಾವ ಕಡೆಗೆ ಹೊರಟಿದೆ ಎಂಬುದೇ ಉತ್ತರ.

ಆದರೆ ನೆಲೆನಿಂತವರು ಈ ಗೊಂದಲವನ್ನು ಹಾಗೆಯೇ ಬಿಡಲಿಲ್ಲ. ಅದನ್ನು ಬಿಡಿಸುವ ಉಪಾಯವನ್ನೂ ಅವರೇ ಮಾಡಿಕೊಂಡರು. ಮೊದಲನೆಯದು ದಿಕ್ಕು. ತುಳುನಾಡಿನಲ್ಲಿ ಮನೆಯೊಳಗೆ ಚೊಂಬು ಎಲ್ಲಿದೆ ಎಂದು ಹೇಳುವಾಗಲೂ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್ಕಾಯಿ ಎನ್ನುವ ವಾಡಿಕೆ ಹಿರಿಯರಲ್ಲಿ ಇನ್ನೂ ಇದೆ. ಅದೇ ಊರಿಗೂ ಬಂತು. ಮೂಡಣದ್ದು ಮೂಡುಬಿದಿರೆ, ಪಡುವಣದ್ದು ಪಡುಬಿದ್ರಿ. ಕಾಪುವಿನ ತೆಂಕಕ್ಕೆ ಎರ್ಮಾಳು ಎರಡಾಗಿ, ಒಂದು ಬಡಾ ಎರ್ಮಾಳು, ಒಂದು ತೆಂಕ ಎರ್ಮಾಳು ಆಯಿತು. ಬೆಟ್ಟುಗಳ ಹೆಸರಿನಲ್ಲಂತೂ ದಿಕ್ಕೇ ಮೊದಲು: ಮೂಡುಬೆಟ್ಟು, ಬಡಗಬೆಟ್ಟು.

ದಿಕ್ಕೂ ಸಾಲದಾದಾಗ ಬಂದದ್ದು ಸಂಖ್ಯೆ. ಹೊರಗಿನವರಿಗೆ ಉಡುಪಿಯ ವಿಳಾಸಗಳಲ್ಲಿ ಅತ್ಯಂತ ವಿಚಿತ್ರವಾಗಿ ಕಾಣುವುದು ಇದು. ಮಣಿಪಾಲಕ್ಕೆ ತಾಗಿಕೊಂಡಿರುವ ಗ್ರಾಮ ಪಂಚಾಯತಿಯ ಹೆಸರು 80 ಬಡಗಬೆಟ್ಟು. ಉಡುಪಿ ಪೇಟೆಗೆ ಸೇರಿಹೋದದ್ದು 76 ಬಡಗಬೆಟ್ಟು. ಹೊಸಬರು ಇದನ್ನು ಮನೆ ನಂಬರೆಂದು ತಿಳಿಯುತ್ತಾರೆ. ಅಲ್ಲ, ಅದು ಊರಿನದೇ ನಂಬರು. ಕಂದಾಯದ ಲೆಕ್ಕದಲ್ಲಿದ್ದ ಗ್ರಾಮದ ಸಂಖ್ಯೆ ಹೆಸರಿಗೇ ಅಂಟಿಕೊಂಡು ಜನರ ಬಾಯಿಗೆ ಬಂತು. 41ನೇ ಶಿರೂರು, 38ನೇ ಕಳ್ತೂರು, 52ನೇ ಹೇರೂರು ಎಂದು ಮದುವೆಯ ಕರೆಯೋಲೆಯಲ್ಲೂ ಅಚ್ಚಾಗುತ್ತದೆ, ಯಕ್ಷಗಾನ ಬಯಲಾಟದ ಹ್ಯಾಂಡ್‌ಬಿಲ್ಲಿನಲ್ಲೂ ಅಚ್ಚಾಗುತ್ತದೆ. ಕಾಪು ಪೇಟೆಯಲ್ಲಿ ದೇವಸ್ಥಾನಗಳಿಗೂ ಇದೇ ನ್ಯಾಯ: ಹಳೇ ಮಾರಿಗುಡಿ, ಹೊಸ ಮಾರಿಗುಡಿ, ಮೂರನೇ ಮಾರಿಗುಡಿ. ಸುಗ್ಗಿ ಮಾರಿಪೂಜೆಗೆ ಬರುವ ಸಾವಿರಾರು ಜನರಲ್ಲಿ ಯಾರಿಗೂ ಇದರಿಂದ ಗೊಂದಲವಾದಂತಿಲ್ಲ.

ಒಬ್ಬನೇ ಮನುಷ್ಯನ ಬಾಳಿನಲ್ಲಿ ಇಂಥ ಹೆಸರುಗಳು ಸಾಲಾಗಿ ಬರುವುದೂ ಉಂಟು. ಶಿವರಾಮ ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ಊರಿನ ಹೆಸರು ಅವರ ಹೆಸರಿಗೇ ಸೇರಿಕೊಂಡಿದೆ. ಇಂದು ದೇಶದ ಬೇರೆ ಕಡೆ ಕೋಟ ಎಂದರೆ ರಾಜಸ್ಥಾನದ, ಚಂಬಲ್ ನದಿಯ ದಡದ ಕೋಟಾ. ಎಂಜಿನಿಯರ್, ಡಾಕ್ಟರ್ ಆಗಬೇಕಾದ ಮಕ್ಕಳನ್ನು ತರಬೇತಿಗೆ ಕಳಿಸುವ ಊರು. ಅಲ್ಲಿಯ ಗಣಿಗಳ ಕೋಟಾ ಕಲ್ಲು ನಮ್ಮ ಕರಾವಳಿಯ ಮನೆಗಳ ನೆಲಕ್ಕೂ ಬಂದಿದೆ. ಕಾರಂತರು ಬಾಲವನ ಕಟ್ಟಿ ನೆಲೆಸಿದ್ದು ಪುತ್ತೂರಿನಲ್ಲಿ. ಆಂಧ್ರದಲ್ಲಿ ತಿರುಪತಿಯ ಹತ್ತಿರ ಇನ್ನೊಂದು ಪುತ್ತೂರಿದೆ. ಎಲುಬು ಮುರಿದವರಿಗೆ ಹಾಕುವ ಕಟ್ಟಿಗೆ ಅದು ಹೆಸರುವಾಸಿ. ಸಮುದ್ರ ದಾಟಿ ಶ್ರೀಲಂಕೆಯ ಯಾಳ್ಪಾಣದ ಕಡೆ ಹೋದರೆ, ಅಲ್ಲಿಯ ತಮಿಳರ ನಾಡಿನಲ್ಲೂ ಪುತ್ತೂರು. ದ್ರಾವಿಡ ನುಡಿಯಾಡುವವರು ಎಲ್ಲೆಲ್ಲಿ ಹೊಸ ಬೇಸಾಯಕ್ಕೆ ಇಳಿದರೋ ಅಲ್ಲೆಲ್ಲ ಇಂಥ ಹೆಸರು ಹುಟ್ಟುವುದು ಸಹಜ. ಒಂದರ ನಕಲು ಇನ್ನೊಂದಲ್ಲ. ಕಾರಂತರು 1997ರಲ್ಲಿ ಕಣ್ಣುಮುಚ್ಚಿದ್ದು ಮಣಿಪಾಲದಲ್ಲಿ. ಆ ಹೆಸರಿನ ತಿರುಗಾಟದ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಹೀಗೆ ಹೆಸರು ಒಂದೇ ಆದಾಗ ಪಂಡಿತರೂ ಎಡವುತ್ತಾರೆ. 6ನೇ ಶತಮಾನದಲ್ಲಿ ಕಾಸ್ಮಸ್ ಎಂಬ ಅಲೆಕ್ಸಾಂಡ್ರಿಯದ ವರ್ತಕನೊಬ್ಬ ಪೂರ್ವದ ಕಡಲುಗಳ ವಿಷಯ ಬರೆದ. ಭಾರತದ ಪಶ್ಚಿಮ ಕರಾವಳಿಯ ಕಲ್ಲಿಯಾನ ಎಂಬಲ್ಲಿ ಪರ್ಷಿಯದಿಂದ ನೇಮಕವಾಗಿ ಬಂದ ಬಿಷಪ್ ಇದ್ದಾನೆ ಎಂದ. ಯಾವುದು ಆ ಕಲ್ಲಿಯಾನ? ಮುಂಬಯಿಯ ಹತ್ತಿರದ ಕಲ್ಯಾಣ್ ಎಂದು ಹಲವರು ಹೇಳಿದರು. ಇಲ್ಲ, ಉಡುಪಿಯ ಹತ್ತಿರ ಸ್ವರ್ಣಾ ನದಿಯ ದಡದ ಕಲ್ಯಾಣಪುರ ಎಂದು ಕೆಲವರು ವಾದಿಸಿದರು. ಎರಡೂ ಹೊಳೆಯ ಬದಿಯ ಹಳೆಯ ವ್ಯಾಪಾರದ ಸ್ಥಳಗಳೇ. ನಮ್ಮ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರಷ್ಟು ಹಳೆಯದು. 2012ರಲ್ಲಿ ಉಡುಪಿ ಧರ್ಮಪ್ರಾಂತ ರಚನೆಯಾದಾಗ ಅದೇ ಪ್ರಧಾನ ಇಗರ್ಜಿಯೂ ಆಯಿತು. ಹಾಗೆಂದು ಅದಕ್ಕೂ ಸಾವಿರ ವರ್ಷ ಹಿಂದಿನ ಬಿಷಪ್ಪನನ್ನು ಇಲ್ಲಿಗೇ ತರಲು ಬರುವುದಿಲ್ಲ. ಕಾಸ್ಮಸ್ ಒಂದು ಹೊಳೆಯ ಹೆಸರನ್ನೋ ಪಕ್ಕದ ಊರಿನ ಹೆಸರನ್ನೋ ಸೇರಿಸಿ ಬರೆದಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. "ಯಾವ ಕಲ್ಲಿಯಾನ?" ಎಂದು ಕೇಳುವವರು ಆಗ ಅವನ ಪಕ್ಕದಲ್ಲಿರಲಿಲ್ಲ.

ಇನ್ನು ಎರಡನೆಯವರು, ಹಾದುಹೋಗುವವರು. ಇವರು ಹೆಸರಿಡುವುದು ಊರನ್ನು ಗುರುತಿಸಲು ಅಲ್ಲ, ತಮಗೆ ಬೇಕಾದ ಬೇರೇನನ್ನೋ ನೆನೆಯಲು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪ ನಿಮಗೆಲ್ಲ ಗೊತ್ತು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಗೆ ಬಂದು ಕನ್ಯೆ ಮೇರಿಯ ಹೆಸರಿಟ್ಟನೆಂಬುದು ಪ್ರಸಿದ್ಧವಾದ ಮಾತು. ಇಲ್ಲಿಯ ಮೀನುಗಾರರಿಗೆ ಅದು ಮೊದಲಿನಿಂದ ತೋನ್ಸೆಪಾರ್. ತೋನ್ಸೆಯ ಎದುರಿನ ಪಾರೆ ಎಂದರೆ ದೋಣಿಯವನಿಗೆ ದಾರಿ ತಿಳಿಯುತ್ತದೆ. ಸೈಂಟ್ ಮೇರೀಸ್ ಎಂದರೆ ದಾರಿ ತಿಳಿಯುವುದಿಲ್ಲ. ಏಕೆಂದರೆ ಆ ಹೆಸರಿನ ದ್ವೀಪಗಳು ಹಲವಿವೆ. ಇಂಗ್ಲೆಂಡಿನ ನೈಋತ್ಯ ತುದಿಯ ಸಿಲ್ಲಿ ದ್ವೀಪಗಳಲ್ಲಿ ದೊಡ್ಡದಕ್ಕೆ ಸೈಂಟ್ ಮೇರೀಸ್ ಎಂದೇ ಹೆಸರು. ಆಫ್ರಿಕದ ಪೂರ್ವಕ್ಕೆ, ಮಡಗಾಸ್ಕರಿನ ಮೂಡುಕರೆಯಲ್ಲಿರುವ ದ್ವೀಪಕ್ಕೆ ಸೇಂತ್ ಮರಿ ಎಂದು ಹೆಸರು. ಅಲ್ಲಿಯ ಜನರ ಹೆಸರು ನೋಸಿ ಬೊರಾಹ. ಅಲ್ಲೂ ಹಾಗೆಯೇ, ಯುರೋಪಿನ ನಾವಿಕರು ಒಂದು ಹೆಸರು ಇಟ್ಟರು, ನೆಲದವರು ಇನ್ನೊಂದನ್ನು ಉಳಿಸಿಕೊಂಡರು. ಮುಂದೆ 17, 18ನೇ ಶತಮಾನಗಳಲ್ಲಿ ಆ ದ್ವೀಪ ಕಡಲುಗಳ್ಳರ ಬೀಡಾಯಿತು. ಅವರ ಗೋರಿಗಳನ್ನು ಈಗ ಪ್ರವಾಸಿಗಳು ನೋಡಲು ಹೋಗುತ್ತಾರೆ.

ಮಲ್ಪೆಯ ಮತ್ತು ಮಡಗಾಸ್ಕರಿನ ಮೇರಿ ದ್ವೀಪಗಳ ನಡುವೆ ಹೆಸರಿಟ್ಟವರಿಗೆ ಗೊತ್ತೇ ಇರದ ಒಂದು ಸಂಬಂಧವಿದೆ. ಮಲ್ಪೆಯ ದ್ವೀಪದಲ್ಲಿ ಕಂಬ ನಿಲ್ಲಿಸಿದಂತೆ ಕಾಣುವ, ಬಹುಮುಖದ ಕಲ್ಲುಗಳಿವೆ. ಹೊರಚಿಮ್ಮಿದ ಲಾವಾ ನಿಧಾನವಾಗಿ ತಣಿದು ಕುಗ್ಗುವಾಗ ಮೇಲಿನಿಂದ ಕೆಳಗೆ ಬಿರುಕು ಬಿಟ್ಟು ಆದ ಕಂಬಗಳು ಅವು. ಭೂವಿಜ್ಞಾನ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ದಖ್ಖನ್ ಪ್ರಸ್ಥಭೂಮಿಯ ಲಾವಾ ಕಲ್ಲಿಗಿಂತ ಇದು ಎರಡು ಕೋಟಿ ವರ್ಷವಾದರೂ ಹಳೆಯದು. ಮಡಗಾಸ್ಕರ್ ಮತ್ತು ಭಾರತ ಒಂದೇ ಭೂಖಂಡವಾಗಿದ್ದು, ಸುಮಾರು 9 ಕೋಟಿ ವರ್ಷಗಳ ಹಿಂದೆ ಬೇರ್ಪಡುವ ಕಾಲಕ್ಕೆ ಈ ಲಾವಾ ಹರಿಯಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದೇ ಕಾಲದ ಕಲ್ಲು ಮಡಗಾಸ್ಕರಿನಲ್ಲೂ ಸಿಗುತ್ತದೆ. ಒಂದಾಗಿದ್ದ ನೆಲ ಎರಡಾಗಿ, ನಡುವೆ ಸಮುದ್ರ ಬಂದು, ಕೋಟಿಗಟ್ಟಲೆ ವರ್ಷಗಳ ಮೇಲೆ ಎರಡರ ಅಂಚಿನಲ್ಲೂ ಹಡಗಿನಲ್ಲಿ ಬಂದವರು ಒಂದೇ ಹೆಸರು ಇಟ್ಟು ಹೋದರು. ಹೆಸರು ಕಾಕತಾಳೀಯ, ಕಲ್ಲಿನ ನೆಂಟಸ್ತಿಕೆ ನಿಜ.

ಹಾದುಹೋದವರ ಇನ್ನೊಂದು ಕೈಚಳಕ ನೋಡಬೇಕಾದರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಅಲ್ಲಿ ಮಂಗಳೂರಿದೆ. ಒಂದಲ್ಲ, ವಿಕ್ಟೋರಿಯ ರಾಜ್ಯದಲ್ಲೊಂದು, ಟಾಸ್ಮೇನಿಯ ದ್ವೀಪದಲ್ಲೊಂದು. ವಿಕ್ಟೋರಿಯದ ಮಂಗಳೂರು ಮೆಲ್ಬೋರ್ನಿನಿಂದ ಸಿಡ್ನಿಗೆ ಹೋಗುವ ರೈಲುದಾರಿಯ ಮೇಲಿನ ಪುಟ್ಟ ಸ್ಥಳ. ಶೆಪರ್ಟನ್ ಕಡೆಯ ದಾರಿ ಅಲ್ಲಿಂದ ಕವಲೊಡೆಯುತ್ತಿತ್ತು. ಟಾಸ್ಮೇನಿಯದ ಮಂಗಳೂರು ಹೋಬಾರ್ಟ್ ಪಟ್ಟಣದಿಂದ ಬಡಗಕ್ಕೆ ಹೋಗುವ ಹೆದ್ದಾರಿಯಲ್ಲಿದೆ. ಅದರ ಪಕ್ಕದ ಊರು ಯಾವುದು ಗೊತ್ತೆ? ಬಾಗ್ದಾದ್. ಇನ್ನೂ ಮುಂದೆ ಹೋದರೆ ಜೆರಿಕೊ. ಅದೇ ಸೀಮೆಯಲ್ಲಿ ಹರಿಯುವ ನದಿಗೆ ಜೋರ್ಡಾನ್ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಅಡ್ಡಾಡಿದವರಿಗೆ ನೆಲದ ಮೇಲಿನ ಮೂಲನಿವಾಸಿಗಳ ಹೆಸರು ಕಿವಿಗೆ ಬೀಳಲಿಲ್ಲ. ತಾವು ಓದಿದ ಕಥೆ, ನಂಬಿದ ಬೈಬಲು, ಸಾಮ್ರಾಜ್ಯದ ಮೂಲೆಮೂಲೆಯ ಊರು, ಎಲ್ಲವನ್ನೂ ಒಂದೇ ರಸ್ತೆಯ ಮೇಲೆ ಸುರಿದರು. ನಮ್ಮ ಮಂಗಳಾದೇವಿಗೂ ಆ ಕುರಿಗಾಹಿಗಳ ಬಯಲಿಗೂ ಯಾವ ನಂಟೂ ಇಲ್ಲ.

ಆದರೂ ಹೆಸರು ಒಂದೇ ಆದದ್ದರ ಪರಿಣಾಮ ಇಲ್ಲದೆ ಹೋಗಲಿಲ್ಲ. ವಿಕ್ಟೋರಿಯದ ಮಂಗಳೂರಿನಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಒಂದು ವಿಮಾನ ನಿಲ್ದಾಣವಿದೆ. ಅಲ್ಲಿ 1954ರಲ್ಲಿ ತರಬೇತಿಯಲ್ಲಿದ್ದ ವೈಕೌಂಟ್ ವಿಮಾನವೊಂದು ಬಿದ್ದು ಮೂವರು ಸತ್ತರು. 2010ರ ಮೇ 22ರಂದು ನಮ್ಮ ಬಜಪೆಯಲ್ಲಿ ದುಬೈಯಿಂದ ಬಂದ ವಿಮಾನ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು. ಉಡುಪಿ, ಕಾಸರಗೋಡು, ಮಂಗಳೂರಿನ ಎಷ್ಟೋ ಮನೆಗಳು ಆ ಬೆಳಗನ್ನು ಮರೆತಿಲ್ಲ. 2020ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಮಂಗಳೂರಿನ ಆಕಾಶದಲ್ಲಿ ಎರಡು ಸಣ್ಣ ವಿಮಾನಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಇಂಗ್ಲಿಷಿನಲ್ಲಿ ಮೂರಕ್ಕೂ ಒಪ್ಪುವ ತಲೆಬರಹ ಒಂದೇ, ಮಂಗಳೂರು ವಿಮಾನ ದುರಂತ. ಗಲ್ಫಿನಲ್ಲಿ ಮಗನಿರುವ ತಾಯಿಗೆ ಅಂಥ ತಲೆಬರಹ ಬರೀ ಕಾಗದದ ಮೇಲಿನ ಸಾಲಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಗಿ ನಮ್ಮದು ಇಂಗ್ಲಿಷಿನಲ್ಲೂ ಮಂಗಳೂರು ಆಯಿತು. ಆಸ್ಟ್ರೇಲಿಯದವು ಮ್ಯಾಂಗಲೋರ್ ಆಗಿಯೇ ಉಳಿದವು. ಬ್ರಿಟಿಷರು ಕೊಟ್ಟ ಕಾಗುಣಿತ ಕೊನೆಗೆ ಬ್ರಿಟಿಷರು ನೆಲೆಸಿದ ನೆಲಕ್ಕೇ ಸೇರಿತು; ಅದು ನ್ಯಾಯವೇ.

ಮೂರನೆಯವರು ಊರು ಬಿಟ್ಟವರು. ಉಡುಪಿ ಎಂಬ ಇನ್ನೊಂದು ಪೇಟೆ ಭೂಪಟದಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ. ಬೋರ್ಡುಗಳ ಮೇಲೆ ಹುಡುಕಿದರೆ ಎಣಿಸಿ ಮುಗಿಯದು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಷಿಕಾಗೊ, ಸಾನ್ ಫ್ರಾನ್ಸಿಸ್ಕೊದಂಥ ಕಡೆ ಉಡುಪಿ ಪ್ಯಾಲೇಸ್ ಬಂತು. ಮಠದ ಅಡುಗೆಮನೆಯಲ್ಲಿ, ಸಣ್ಣ ಹೋಟೆಲುಗಳಲ್ಲಿ ರುಬ್ಬುವುದರಿಂದ ಹಿಡಿದು ಕೈಕೆಲಸ ಕಲಿತು ಹೊರಟ ಹುಡುಗರು ತಾವು ಹೋದಲ್ಲಿ ಊರಿನ ಹೆಸರನ್ನು ನೇತುಹಾಕಿದರು. ಗಿರಾಕಿಗಳಿಗೆ ಆ ಹೆಸರು ಶುಚಿಯ, ಸಸ್ಯಾಹಾರದ ಭರವಸೆಯಾಯಿತು. ಈಗ ಉಡುಪಿಯನ್ನು ಕಣ್ಣಿನಿಂದ ನೋಡದವರೂ ಆ ಬೋರ್ಡು ಹಾಕುತ್ತಾರೆ. ಊರಿನ ಹೆಸರು ಅಡುಗೆಯ ಒಂದು ಬಗೆಯ ಹೆಸರಾದಾಗ ಅದನ್ನು ಕಟ್ಟಿಹಾಕುವವರಿಲ್ಲ.

ಎದುರು ದಿಕ್ಕಿನಲ್ಲಿ ನಡೆದ ಕಥೆಯೂ ಇದೆ. ಕಡಂದಲೆಯ ಕೃಷ್ಣರಾಯರು ಮದರಾಸಿನ ರಾಯಪೇಟೆಯಲ್ಲಿ, ರಾಮನಾಡಿನ ಜಮೀನುದಾರರ ಬಂಗಲೆಯನ್ನು ಗೇಣಿಗೆ ಹಿಡಿದು 1930ರ ದಶಕದ ಕೊನೆಗೆ ಹೋಟೆಲು ತೆರೆದರು. ಬಂಗಲೆಗಿದ್ದ ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನೇ ಹೋಟೆಲಿಗೂ ಉಳಿಸಿಕೊಂಡರು. ಮದರಾಸಿನಲ್ಲಿ 1962ರಲ್ಲಿ ಅವರದೇ ಡ್ರೈವ್‌ಇನ್ ಬಂತು. ಹೆಸರು ಮುಂದೆ ಲಂಡನ್ನಿಗೂ ಹೋಯಿತು. ವುಡ್‌ಲ್ಯಾಂಡ್ಸ್ ಎಂಬ ಊರು ಸಿಂಗಾಪುರದಲ್ಲಿ ಮಲೇಷ್ಯಕ್ಕೆ ಹೋಗುವ ಸೇತುವೆಯ ಬುಡದಲ್ಲಿದೆ, ಅಮೆರಿಕದ ಟೆಕ್ಸಸ್‌ನಲ್ಲೂ ಒಂದಿದೆ. ಆದರೆ ದಕ್ಷಿಣ ಭಾರತದ ಯಾವ ಊರಲ್ಲಿ ಕೇಳಿದರೂ ವುಡ್‌ಲ್ಯಾಂಡ್ಸ್ ಎಂದರೆ ಇಡ್ಲಿ ಸಾಂಬಾರು. ಇಂಗ್ಲಿಷ್ ಹೆಸರೊಂದನ್ನು ತುಳುನಾಡಿನವರು ಹೀಗೆ ತಮ್ಮದು ಮಾಡಿಕೊಂಡರು.

ಮಣಿಪಾಲದ ಹೆಸರು ಹೊರಟದ್ದು ಹೋಟೆಲಿನ ದಾರಿಯಲ್ಲಲ್ಲ, ಕಾಲೇಜಿನ ದಾರಿಯಲ್ಲಿ. ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಅದು ಬೋಳು ಗುಡ್ಡ. ಮಣ್ಣಪಳ್ಳ ಕೆರೆಯ ಹೆಸರಿನಿಂದ ಬಂದ ಊರಿನ ಹೆಸರು ಈಗ ಹೋದ ಕಡೆಗಳನ್ನು ನೋಡಿ. ನೇಪಾಳದ ಪೋಖರಾದಲ್ಲಿ 1994ರಲ್ಲಿ ಮಣಿಪಾಲ್ ವೈದ್ಯ ಕಾಲೇಜು. ಮಲೇಷ್ಯದ ಮಲಕ್ಕಾದಲ್ಲಿ 1997ರಲ್ಲಿ ಇನ್ನೊಂದು. ದುಬೈಯಲ್ಲಿ 2000ದಲ್ಲಿ ಕ್ಯಾಂಪಸ್. ಆಮೇಲೆ ಜೈಪುರ, ಜಮ್ಷೆಡ್‌ಪುರ. ಬೆಂಗಳೂರಿನ ಆಟೋದವರಿಗೆ ಮಣಿಪಾಲ್ ಎಂದರೆ ಹಳೆ ವಿಮಾನ ನಿಲ್ದಾಣದ ರಸ್ತೆಯ ಆಸ್ಪತ್ರೆ. ಇಲ್ಲಿಯ ತಾಂತ್ರಿಕ ಕಾಲೇಜಿನ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದರೆ ಎಂಐಟಿ. ಅದೇ ಮೂರಕ್ಷರದ, 1861ರಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿದೆ. ಮನೆಯ ಹಿರಿಯರು "ನಮ್ಮ ಹುಡುಗ ಎಂಐಟಿಯಲ್ಲಿ ಓದುತ್ತಾನೆ" ಎಂದಾಗ "ಯಾವ ಎಂಐಟಿ?" ಎಂದು ಕೇಳಬಾರದೆಂಬ ಸೌಜನ್ಯ ನಮ್ಮಲ್ಲಿದೆ.

ಇನ್ನು ಉಳಿದದ್ದು ಕಾಕತಾಳೀಯ. ಕಾಪುವನ್ನು ಇಂಗ್ಲಿಷಿನಲ್ಲಿ ಬಹುಕಾಲ ಕೌಪ್ ಎಂದು ಓದುವಂತೆ ಬರೆಯುತ್ತಿದ್ದರು. ಅದೇ ಅಕ್ಷರಗಳಲ್ಲಿ ಬರೆಯುವ ಇನ್ನೊಂದು ಕೌಪ್ ಬಾಲ್ಟಿಕ್ ಸಮುದ್ರದ ಹತ್ತಿರ, ಈಗ ರಷ್ಯಕ್ಕೆ ಸೇರಿದ ಕಲಿನಿನ್‌ಗ್ರಾಡ್ ಪ್ರಾಂತದಲ್ಲಿತ್ತು. ಸಾವಿರ ವರ್ಷದ ಹಿಂದೆ ವೈಕಿಂಗರೂ ಹಳೆಯ ಪ್ರಷ್ಯನರೂ ಸೇರಿ ವ್ಯಾಪಾರ ಮಾಡುತ್ತಿದ್ದ ಸ್ಥಳ ಅದು. ಈಗ ಅಲ್ಲಿ ಉಳಿದಿರುವುದು ಸಮಾಧಿಯ ದಿಬ್ಬಗಳು, ಅಗೆಯುವ ಪುರಾತತ್ತ್ವಜ್ಞರು. ನಮ್ಮ ಕಾಪುವಿನಲ್ಲಿ 1901ರ ದೀಪಸ್ತಂಭ ಇಂದಿಗೂ ಬೆಳಗುತ್ತದೆ. ಊರು ತಾಲೂಕು ಕೇಂದ್ರವಾಗಿ ಬೆಳೆದಿದೆ. ಎರಡೂ ಕಡಲಿನಿಂದ ಬದುಕಿದ ಊರುಗಳು ಎಂಬುದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ.

ಕಾರ್ಕಳದ ಸುತ್ತಲೂ ಇಂಥವು ಸಿಗುತ್ತವೆ. ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಾಣೂರು. ಇಂಡೊನೇಷ್ಯದ ಬಾಲಿ ದ್ವೀಪದಲ್ಲೂ ಸನೂರ್ ಇದೆ. ಪ್ರವಾಸಿಗಳಿಗೆ ಅದು ಕಡಲತೀರ. ಚರಿತ್ರೆಯವರಿಗೆ ಅಲ್ಲಿಯ ಬೆಲಂಜೊಂಗ್ ಕಂಬ ಮುಖ್ಯ. ಕ್ರಿ.ಶ. 914ರ ಆ ಶಾಸನದಲ್ಲಿ ಸಂಸ್ಕೃತವೂ ಹಳೆಯ ಬಾಲಿ ಭಾಷೆಯೂ ಇವೆ. ನಮ್ಮ ಕಾರ್ಕಳದ ಬಾಹುಬಲಿಯನ್ನು ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ, ಚತುರ್ಮುಖ ಬಸದಿ ಎದ್ದದ್ದು 1586ರಲ್ಲಿ. ಬಾಲಿಯ ಕಂಬ ಅವೆರಡಕ್ಕೂ ಹಿರಿಯದು. ಪ್ಯಾಲೆಸ್ತೀನಿನ ಜೆನಿನ್ ಪ್ರಾಂತದಲ್ಲಿ ಮೂರನೆಯ ಸನೂರ್. ತಮಿಳುನಾಡಿನ ಮಧುರಾಂತಕದ ಹತ್ತಿರದ ಸಾನೂರಿನಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳನ್ನು ಅಗೆದಿದ್ದಾರೆ. ಘಟ್ಟದ ಬುಡದ ನಮ್ಮ ಮಾಳಕ್ಕೆ ಕೇರಳದ ತ್ರಿಶೂರು ಜಿಲ್ಲೆಯಲ್ಲಿ, ಹಳೆಯ ಯಹೂದಿ ಪ್ರಾರ್ಥನಾ ಮಂದಿರವಿರುವ, ಒಬ್ಬ ಜೊತೆಗಾರನಿದ್ದಾನೆ. ಬೈಂದೂರು ತಾಲೂಕಿನ ಕೊಲ್ಲೂರಿಗೆ ಮೂಕಾಂಬಿಕೆ. ಕೃಷ್ಣಾ ನದಿಯ ದಡದ ಆಂಧ್ರದ ಕೊಲ್ಲೂರಿಗೆ ಒಂದು ಕಾಲದ ವಜ್ರದ ಗಣಿ. ಕೊಹಿನೂರು ಸಿಕ್ಕಿದ್ದು ಅಲ್ಲೇ ಎಂಬ ಪ್ರತೀತಿಯಿದೆ. ಉಚ್ಚಾರ ಸ್ವಲ್ಪ ಹೆಚ್ಚುಕಡಿಮೆಯಾದರೂ ಇಂಗ್ಲಿಷ್ ಅಕ್ಷರಕ್ಕೆ ಬಂದಾಗ ಇವೆಲ್ಲ ಒಂದೇ ಆಗಿಬಿಡುತ್ತವೆ. ಬಂಟ್ವಾಳ ತಾಲೂಕಿನ ಮಾಣಿಲ ಫಿಲಿಪ್ಪೀನ್ಸ್ ರಾಜಧಾನಿಯ ಜೊತೆ ಒಂದೇ ಕಾಗುಣಿತ ಹಂಚಿಕೊಳ್ಳುವುದು ಹಾಗೆಯೇ.

ಈ ಎಲ್ಲ ಗೊಂದಲಕ್ಕೆ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಒಂದು ಮದ್ದು ಹುಡುಕಿತು, ಆರು ಅಂಕಿಯ ಪಿನ್‌ಕೋಡ್. ಒಂದೇ ಹೆಸರಿನ ಊರುಗಳು, ಬೇರೆಬೇರೆ ಲಿಪಿಗಳು, ಓದಲಾಗದ ಕೈಬರಹ, ಮೂರಕ್ಕೂ ಒಂದೇ ಪರಿಹಾರ. ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣೆಯ ಜಿಲ್ಲೆ, ಉಳಿದವು ಅಂಚೆ ಕಚೇರಿ. ನಮ್ಮ 76, 80 ಬಡಗಬೆಟ್ಟುಗಳ ಲೆಕ್ಕವನ್ನೇ ದೇಶಕ್ಕೆಲ್ಲ ಹಾಕಿದಂತೆ ಆಯಿತು. ಆದರೆ ಅಂಕಿಯೂ ಕಣ್ಣು ತಪ್ಪಿಸುತ್ತದೆ. ಮಣಿಪಾಲಕ್ಕೆ 576104, ಕಾರ್ಕಳಕ್ಕೆ 574104. ಒಂದು ಅಂಕಿ ಜಾರಿದರೆ ಪುಸ್ತಕದ ಕಟ್ಟು ಘಟ್ಟದ ಕಡೆ ಹೋಗುತ್ತದೆ. ಮಣಿಪಾಲಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗೆ ಪಕ್ಕದ ಪರ್ಕಳ ಮತ್ತು ದೂರದ ಕಾರ್ಕಳ ಎರಡೂ ಒಂದೇ ಎನಿಸಿದರೆ ಅವನನ್ನು ದೂರಬೇಕಾಗಿಲ್ಲ. ಕಂಡಕ್ಟರಿನ ಕೂಗನ್ನು ಇನ್ನೆರಡು ಬಾರಿ ಕೇಳಿದರೆ ತಿಳಿದೀತು.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ನೆಲೆನಿಂತವರು ಪಕ್ಕದ ಊರಿನಿಂದ ತಮ್ಮ ಊರನ್ನು ಬೇರೆ ಮಾಡಿ ತೋರಿಸಲು ಹೆಸರಿಟ್ಟರು. ಹಾದುಹೋದವರು ಬೇರೆಲ್ಲಿನದನ್ನೋ ನೆನೆಯಲು ಹೆಸರಿಟ್ಟರು. ಕಳೆದ ಕೆಲವು ದಶಕಗಳಲ್ಲಿ ನಮ್ಮ ಪೇಟೆಗಳಲ್ಲಿ ನಾವು ಇಡುತ್ತಿರುವ ಹೆಸರುಗಳು ಯಾವ ಸಾಲಿಗೆ ಸೇರುತ್ತವೆ? ಕುಂಜಿಬೆಟ್ಟು, ಕಿನ್ನಿಮೂಲ್ಕಿ, ದೊಡ್ಡಣಗುಡ್ಡೆ, ಬೀಡಿನಗುಡ್ಡೆ, ಗುಂಡಿಬೈಲು, ಚಿಟ್ಪಾಡಿ ಎಂಬ ಹೆಸರನ್ನು ಉಡುಪಿಯ ಹೊರಗೆ ಎಲ್ಲಾದರೂ ಕೇಳಿದಿರಾ? ಕೇಳಿದ ಕೂಡಲೆ ಉಡುಪಿ ಎಂದು ತಿಳಿಯುತ್ತದೆ. ಇಂದಿರಾನಗರ, ಶಾಂತಿನಗರ, ಲಕ್ಷ್ಮೀನಗರ ಎಂದರೆ ಹುಬ್ಬಳ್ಳಿಯೂ ಆದೀತು, ಹಾಸನವೂ ಆದೀತು, ಬೆಂಗಳೂರೂ ಆದೀತು. ಗುಡ್ಡ ಅಗೆದು ಎದ್ದ ಬಹುಮಹಡಿ ಕಟ್ಟಡಗಳ ಮೇಲೆ ಈಗ ಬರುವ ಇಂಗ್ಲಿಷ್ ಹೆಸರುಗಳನ್ನು ಓದಿದರೆ ದೇಶ ಯಾವುದೆಂಬುದೇ ಅನುಮಾನ. ನಾವು ನಮ್ಮ ನೆಲದ ಮೇಲೆಯೇ ಹಾದುಹೋಗುವವರಂತೆ ಹೆಸರಿಡುತ್ತಿದ್ದೇವೆ. ಟಾಸ್ಮೇನಿಯದ ಆ ರಸ್ತೆಯಲ್ಲಿ ಮಂಗಳೂರು, ಬಾಗ್ದಾದ್, ಜೆರಿಕೊ ಸಾಲಾಗಿ ನಿಂತದ್ದನ್ನು ನೋಡಿ ನಗುವ ಹಕ್ಕು ನಮಗೆ ಉಳಿಯಬೇಕಾದರೆ ಮೊದಲು ನಮ್ಮ ಬಡಾವಣೆಗಳ ಬೋರ್ಡು ನೋಡಿಕೊಳ್ಳಬೇಕು.

ಹೆಸರು ಒಂದೇ ಆಗುವುದು ದೋಷವಲ್ಲ. ಶಿರೂರು ನಾಲ್ಕಿರಲಿ, ಪುತ್ತೂರು ಮೂರಿರಲಿ. ಅವನ್ನು ಬೇರೆ ಮಾಡುವ ದಿಕ್ಕು, ಸಂಖ್ಯೆ, ಹೊಳೆ, ದೇವಸ್ಥಾನದ ಗುರುತು ನಮ್ಮ ಬಾಯಲ್ಲಿ ಉಳಿದಿರುವವರೆಗೆ ಯಾವ ಊರೂ ಇನ್ನೊಂದರಲ್ಲಿ ಕರಗುವುದಿಲ್ಲ. ಆ ಗುರುತು ಹೋದರೆ ಹೆಸರು ಒಂದೇ ಒಂದಿದ್ದರೂ ಪ್ರಯೋಜನವಿಲ್ಲ.

ಆದ್ದರಿಂದ ಕೇಳುಗರಲ್ಲಿ ಎರಡು ಬೇಡಿಕೆ. ಹೊಸ ಮನೆಗೆ, ಹೊಸ ಬಡಾವಣೆಗೆ, ಹೊಸ ಕಟ್ಟಡಕ್ಕೆ ಹೆಸರಿಡುವಾಗ ಆ ಜಾಗವನ್ನು ನಿಮಗಿಂತ ಮೊದಲು ಅಲ್ಲಿ ಗದ್ದೆ ಮಾಡಿದವರು ಏನೆಂದು ಕರೆಯುತ್ತಿದ್ದರು ಎಂದು ಪಕ್ಕದ ಮನೆಯ ಹಿರಿಯರನ್ನು ಕೇಳಿ; ಆ ಹೆಸರನ್ನು ಬೋರ್ಡಿನ ಮೇಲೆ ಬರೆಯಿರಿ. ಮಲ್ಪೆಯ ದೋಣಿಕಟ್ಟೆಯ ಫಲಕದಲ್ಲಿ ಸೈಂಟ್ ಮೇರೀಸ್ ಜೊತೆಗೆ ತೋನ್ಸೆಪಾರ್ ಎಂದೂ ದೊಡ್ಡಕ್ಷರದಲ್ಲಿ ಇರಲಿ. ಎರಡನೆಯದು ಶಾಲೆಯ ಅಧ್ಯಾಪಕರಿಗೆ: ಮಕ್ಕಳಿಗೆ ತಮ್ಮ ಊರಿನ ಹೆಸರಿನ ಬೇರೆ ಊರುಗಳನ್ನು ಭೂಪಟದಲ್ಲಿ ಹುಡುಕಲು ಹೇಳಿ. ಅವರು ದೂರದ ದೇಶಗಳನ್ನು ಕಲಿಯುತ್ತಾರೆ. ಅದಕ್ಕಿಂತ ಮೊದಲು, ತಮ್ಮ ಊರು ಯಾವುದೆಂದು ಸರಿಯಾಗಿ ಹೇಳಲು ಕಲಿಯುತ್ತಾರೆ.